ಮುಂದೂಡಿದ ಒಂದು ತಿದ್ದುಪಡಿ

“ನನ್ ಎಸ್ರು ಯಾಕ್ ಸಾ ಕೆಂಪಗದ?”

ಕೊಳ್ಳೇಗಾಲದ ರೇಷ್ಮೆ ನೇಯ್ಗೆ ಘಟಕದ ಗೋಡೆಯ ಮೇಲಿದ್ದ ಕಂಪ್ಯೂಟರ್ ಪರದೆ ತೋರಿಸಿ ನೇಯುವ ಶಿವಮ್ಮ ಕೇಳಿದಾಗ ನನಗೆ ಉತ್ತರ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಅದರಲ್ಲಿ ನೇಯುವವರ ಕೆಲಸದ ಲೆಕ್ಕ ತೋರಿಸುವ ಸಾಫ್ಟ್‌ವೇರ್ ಬರೆದವನು ನಾನೇ.

ಕೆಲಸದಲ್ಲಿ ವ್ಯರ್ಥವಾಗುವುದನ್ನೆಲ್ಲ ತೆಗೆದುಹಾಕುವ ‘ಲೀನ್’ ಪದ್ಧತಿ, ಎರಡು ವಾರಕ್ಕೊಮ್ಮೆ ಬಳಸುವವರ ಮಾತು ಕೇಳಿ ಸಾಫ್ಟ್‌ವೇರ್ ತಿದ್ದುವ ‘ಅಜೈಲ್’ ಪದ್ಧತಿ, ಎರಡನ್ನೂ ಸೇರಿಸಿ ಕೊಡುತ್ತೇವೆಂದು ಮಾಲೀಕರಿಗೆ ಹೇಳಿದ್ದೆವು. ಮಗ್ಗದ ಮುಂದೆ ಕೂರದ ಪ್ರತಿ ನಿಮಿಷವೂ ನಮ್ಮ ಲೆಕ್ಕದಲ್ಲಿ ವ್ಯರ್ಥ; ಅದು ಹೆಚ್ಚಾದವರ ಹೆಸರು ಪರದೆಯಲ್ಲಿ ಕೆಂಪಾಗುತ್ತಿತ್ತು. ಶಿವಮ್ಮನೋ ದಿನಕ್ಕೆ ಹತ್ತಾರು ಸಲ ಏಳುತ್ತಿದ್ದರು. ಬೇರೆಯವರ ಮಗ್ಗದಲ್ಲಿ ಎಳೆ ಕಡಿದರೆ ಗಂಟು ಕಾಣದಂತೆ ಸೇರಿಸಲು ಅಲ್ಲಿ ಬರುತ್ತಿದ್ದುದು ಅವರೊಬ್ಬರಿಗೇ. ಹಾಗಾಗಿ ಅವರ ಹೆಸರು ದಿನವೂ ಕೆಂಪು.

ಬೇರೆಯವರ ಎಳೆ ಸೇರಿಸಲು ಏಳಬೇಕಾಗುತ್ತದೆಂದು ಮೊದಲ ಸಭೆಯಲ್ಲೇ ಅವರು ಹೇಳಿದ್ದರು. ನಾನು ಬರೆದುಕೊಂಡೂ ಇದ್ದೆ. ಆದರೆ ಮಾಲೀಕರು ಕೇಳಿದ ವರದಿಗಳನ್ನೇ ಮೊದಲು ಮಾಡುತ್ತಾ, ಆ ಹೊತ್ತನ್ನೂ ಕೆಲಸವೆಂದು ಎಣಿಸುವ ತಿದ್ದುಪಡಿಯನ್ನು ಪ್ರತಿ ಸಲ ಮುಂದಿನ ಎರಡು ವಾರಕ್ಕೆ ತಳ್ಳುತ್ತಾ ಬಂದೆ.

“ಈ ಸಲ ಖಂಡಿತ ಸರಿ ಮಾಡ್ತೀನಮ್ಮ” ಎಂದೆ.

“ಇನ್ಯಾಕ್ ಬುಡಿ ಸಾ. ನಾಳಿಂದ ಬರ್ಬ್ಯಾಡ ಅಂದವ್ರ” ಎಂದವರೇ ಊಟದ ಡಬ್ಬಿ ಎತ್ತಿಕೊಂಡು ಯಳಂದೂರಿನ ಬಸ್ಸಿಗೆ ಹೊರಟುಬಿಟ್ಟರು.

ಆಗಲೇ ಮಾಲೀಕರ ಬಳಿ ಓಡಿ, ಶಿವಮ್ಮನನ್ನು ತೆಗೆಯಬೇಡಿ ಎಂದೆ. “ಅಂಕಿ ಕೊಟ್ಟಿದ್ದು ನೀವೇ ಅಲ್ವಾ?” ಎಂದು ಅವರು ಶಾಂತವಾಗಿ ಕೇಳಿದರು. ಮರುವಾರ ಹೋದಾಗ ಎಳೆ ಕಡಿದ ಮೂರು ಮಗ್ಗಗಳು ಸುಮ್ಮನೆ ನಿಂತಿದ್ದವು.

ಆಮೇಲೆ ಆ ತಿದ್ದುಪಡಿ ಮಾಡಿದೆ. ಅದಕ್ಕೆ ಹಿಡಿದದ್ದು ಬರೀ ಅರ್ಧ ದಿನ. ಎಳೆ ಸೇರಿಸಲು ಏಳುತ್ತಿದ್ದವರೇ ಈಗ ಅಲ್ಲಿಲ್ಲ; ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ.