ಸೀರೆಯ ಮಡಿಕೆಯಲ್ಲಿ ಬೇವಿನೆಲೆ

ಮೊನ್ನೆ ಅವ್ವನ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಾಗ ಮಡಿಕೆಯಿಂದ ಒಣಗಿದ ಬೇವಿನೆಲೆಗಳು ಪುಡಿಪುಡಿಯಾಗಿ ಉದುರಿದವು. ಆ ಕಹಿ ವಾಸನೆಯ ಹಿಂದೆಯೇ ಮಾವ ಬಂದು ನಿಂತ...

ಮಾವ ಅಂದರೆ ಅವ್ವನ ಅಣ್ಣ. ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಹುಳ ಹತ್ತಬಾರದೆಂದು ಬೇರೆಯವರು ಡಾಂಬರ್ ಗುಳಿಗೆ ಇಟ್ಟರೆ ಈತ ಪ್ರತಿ ಸೀರೆಗೂ ಬೇವಿನೆಲೆ ಇಡುತ್ತಿದ್ದ. ಅವ್ವನ ಈ ಸೀರೆಯೂ ಅವನ ಅಂಗಡಿಯದೇ. "ಸಾವ್ಕಾರ್ರ, ಸೀರಿ ಮಾರ್ತೀರೋ, ಯುಗಾದಿ ಬೇವು ಮಾರ್ತೀರೋ?" ಎಂದು ಗಿರಾಕಿಗಳು ಕಾಡುತ್ತಿದ್ದರು.

ಕಾರಣವಿತ್ತು. ಹಿಂದೊಮ್ಮೆ ಮಲೇರಿಯಾದ ಗುಳಿಗೆ ನುಂಗಿದ್ದಕ್ಕೆ ಅವನ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಾಗಿ, ಕಣ್ಣು ಹಳದಿಯಾಗಿ, ಗುಲ್ಬರ್ಗಾದ ದವಾಖಾನೆಯಲ್ಲಿ ರಕ್ತ ಕೊಟ್ಟು ಉಳಿಸಿದ್ದರು. ಅಲ್ಲಿಯ ಡಾಕ್ಟರು ಅವನಿಗೆ ಆಗದ ಔಷಧಿಗಳ ಚೀಟಿ ಬರೆದುಕೊಟ್ಟಿದ್ದರು. ವಾಸನೆ ಕೂಡ ಆಗದೆಂದು ಡಾಂಬರ್ ಗುಳಿಗೆಯೂ ಅದರಲ್ಲಿತ್ತು. ನೆಗಡಿಗೆ ಯಾರಾದರೂ ಗುಳಿಗೆ ಕೊಟ್ಟರೂ ಮಾವ ಕಿಸೆಗೆ ಕೈಹಾಕಿ, ಕೆಮ್ಮಿ, ಮೂಗಿನಲ್ಲಿ ರಾಗ ಎಳೆಯುತ್ತಿದ್ದ: "ತಡೀರಿ... ಚೀಟಿ ನೋಡ್ರಿ ಮೊದಲ. ನನ್ನ ರಕ್ತ ಭಾಳ ನಾಜೂಕ ಅದರಿ."

ಎಲ್ಲರನ್ನೂ ಅಣಕಿಸುವ ನನಗೆ ಇದಕ್ಕಿಂತ ಒಳ್ಳೆ ಸರಕು ಎಲ್ಲಿ ಸಿಗಬೇಕು? ಮದುವೆ ಮನೆಗಳಲ್ಲಿ ಇದನ್ನೇ ಮಾಡಿ ತೋರಿಸಿ ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುತ್ತಿದ್ದೆ.

ಪಿಯುಸಿ ಓದುವಾಗ ಜೇವರ್ಗಿಯ ನಮ್ಮ ಮನೆಯಲ್ಲಿ ನನಗೇ ಮಲೇರಿಯಾ ಬಂತು. ಮನೆಗೆ ಬಂದ ಆರೋಗ್ಯ ಇಲಾಖೆಯವರು ಗುಳಿಗೆ ಅಂಗೈಗೆ ಹಾಕಿದರು. ಜ್ವರದಲ್ಲೂ ಚಟ ಬಿಡುತ್ತದೆಯೇ? ಎದ್ದು ಕೂತು, ಬನಿಯನ್ನಿಗೆ ಇಲ್ಲದ ಕಿಸೆ ತಡಕಿ, ಕೆಮ್ಮಿ, "ತಡೀರಿ... ಚೀಟಿ ನೋಡ್ರಿ ಮೊದಲ" ಎಂದು ರಾಗ ಎಳೆದೆ.

ಅವ್ವ ಬಿದ್ದು ಬಿದ್ದು ನಕ್ಕಳು. ಗುಳಿಗೆ ಕೊಟ್ಟವರು ನಗಲಿಲ್ಲ.

"ಯಾರ್ದು ಮಾಡಾಕತ್ತಿ ಇದು?"

"ನಮ್ಮಣ್ಣಂದ್ರಿ," ಅಂದಳು ಅವ್ವ. "ಮಲೇರಿಯಾ ಗುಳಿಗಿಗೇ ಸಾಯೋ ಹಂಗಾಗಿದ್ದ."

"ನಿಮ್ಮ ಒಡಹುಟ್ಟಿದವರೇನ್ರಿ?" ಎನ್ನುತ್ತಲೇ ಗುಳಿಗೆ ವಾಪಸ್ ತಗೊಂಡರು. "ರಕ್ತ ತೋರ್ಸೋತನಕ ಇದು ಬ್ಯಾಡ್ರಿ. ತಾಯಿ ಕಡಿಂದ ಗಂಡಮಕ್ಕಳಿಗೆ ಬರ್ತದ ಈ ರಕ್ತದ ದೋಷ."

ಗುಲ್ಬರ್ಗಾದಲ್ಲಿ ನೋಡಿದರೆ ನನಗೂ ಅದೇ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಪ್ರೋಟೀನು ಇದೆಯಂತೆ. ಅದನ್ನು ತಯಾರಿಸುವ ಜೀನ್ ಅವ್ವನಿಂದಲೇ ಕೆಟ್ಟು ಬಂದಿತ್ತು. ಕಾವಲು ಇಲ್ಲದ ಕಣಗಳು ಅಂಥ ಗುಳಿಗೆ ಬಿದ್ದರೆ ಒಡೆದುಹೋಗುತ್ತವೆ. ಅವ್ವನಿಗೆ ಏನೂ ತೊಂದರೆಯಿಲ್ಲ. ಆಕೆಯಲ್ಲಿ ಅದರ ಇನ್ನೊಂದು ಒಳ್ಳೆಯ ಪ್ರತಿಯಿತ್ತು. ನನ್ನಂಥ ಗಂಡಸಿಗೆ ಇದ್ದದ್ದೇ ಒಂದು, ಅದೂ ಖೋಟಾ!

ಬೇರೆ ಔಷಧಿಗೆ ಜ್ವರ ಇಳಿಯಿತು. ಸುದ್ದಿ ಕೇಳಿ ಮಾವ ಮೊದಲ ಬಸ್ಸಿಗೇ ಬಂದ. ಬೈತಾನೆಂದು ಚಾದರದೊಳಗೆ ಸೇರಿಕೊಂಡೆ.

"ನನ್ನ ಅಣಕಿಸಿ ಉಳಕೊಂಡಿ ಅಲ್ಲಲೇ ಮಂಗ್ಯಾ? ಏಳು, ಮಾಡಿ ತೋರ್ಸು."

ಮಾಡಿದೆ. ಗಂಭೀರವಾಗಿ ನೋಡಿದ.

"ಕಿಸೆ ಎಡಕ್ಕದ. ಕೆಮ್ಮು ಸಾಲಲಿಲ್ಲ."

ಆಮೇಲೆ ಅಲ್ಲೇ ಕೂತು ತನ್ನ ಚೀಟಿಯನ್ನು ನನಗಾಗಿ ನಕಲು ಮಾಡಿಕೊಟ್ಟ...

ಹೋದ ವರ್ಷ ಮಾವ ತೀರಿಕೊಂಡ. ವಯಸ್ಸಾಗಿತ್ತು, ರಕ್ತ ಕಡೆತನಕ ನೆಟ್ಟಗಿತ್ತು. ಔಷಧಿ ಅಂಗಡಿಯಲ್ಲಿ ಈಗಲೂ ಎಡಗಿಸೆಗೆ ಕೈಹಾಕಿ, ಕೆಮ್ಮಿ, ಅವನ ರಾಗದಲ್ಲೇ ಚೀಟಿ ಕೊಡುತ್ತೇನೆ. ಅಂಗಡಿಯವರು ನಗುತ್ತಾರೆ. ಕೆಮ್ಮು ಸಾಲಲಿಲ್ಲ ಅನ್ನುವವರು ಮಾತ್ರ ಇಲ್ಲ.

ಉದುರಿದ ಎಲೆಪುಡಿ ಗುಡಿಸಿದೆ. ಅಂಗಳದ ಬೇವಿನಿಂದ ಹೊಸ ಎಲೆ ಕಿತ್ತು ನೆರಳಿಗೆ ಒಣಹಾಕಿದ್ದೇನೆ. ಸೀರೆ ಇನ್ನೂ ಮಂಚದ ಮೇಲಿದೆ.