ಪಟ್ಟಿಯಿಂದ ತೆಗೆದ ಹೆಸರುಗಳು

ಬಾಯಾರ ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ದನದ ಮೇವಿನ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಆ ಮೋಟು ಬೆರಳನ್ನು ಬೈಬಲ್ಲಿನ ಸಾಲುಗಳ ಮೇಲೆ ಆಡಿಸುತ್ತಲೇ ಅವರು ಬೈಲಹೊಂಗಲದ ನಮ್ಮ ಚರ್ಚಿನ ಮಕ್ಕಳಿಗೆಲ್ಲ ರವಿವಾರದ ಶಾಲೆ ನಡೆಸಿದರು. ನನಗೆ, ನನ್ನ ತಮ್ಮನಿಗೆ, ಆಮೇಲೆ ನನ್ನ ಮಕ್ಕಳಿಗೂ ಅವರೇ. ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಬಾಯಾರು ಅನ್ನುತ್ತೇವೆ. ಅವರನ್ನು ಬೇರೆ ಹೆಸರಿನಿಂದ ಯಾರೂ ಕರೆದದ್ದಿಲ್ಲ. ತಪ್ಪು ಮಾಡಿದವನ ಕಡೆ ಆ ಬೆರಳು ತಿರುಗಿದರೆ ಪೂರ್ತಿ ಬೆರಳಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಆರಾಧನೆಗೆ ಎಲ್ಲರಿಗಿಂತ ಮೊದಲು ಬಂದು, ಚಳಿಗಾಲವಾದರೂ ಸರಿ, ಕಿಟಕಿಗಳನ್ನೆಲ್ಲ ತೆರೆಯುವರು. "ಹಳೇ ಗಾಳಿ ಹೊರಗ ಹೋಗ್ಲಿ" ಅನ್ನುವರು. ಚೀಲದಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಪಾಠ ಒಪ್ಪಿಸಿದವನಿಗೂ ಅಷ್ಟೇ, ಒಪ್ಪಿಸದವನಿಗೂ ಅಷ್ಟೇ. ಇದು ನನಗೆ ಆಗಲೇ ಅನ್ಯಾಯವೆನಿಸಿತ್ತು. ನಾನು ಹುಟ್ಟಿನಿಂದಲೇ ಶಿಸ್ತಿನ ಮನುಷ್ಯ, ಏನು ಮಾಡಲಿ.

ದೊಡ್ಡವನಾಗಿ ಚರ್ಚಿನ ಸಭೆಯ ಕಮಿಟಿಗೆ ಕಾರ್ಯದರ್ಶಿಯಾದೆ. ಅಷ್ಟರಲ್ಲಿ ಚರ್ಚಿನ ಬೆಂಚುಗಳು ಖಾಲಿಯಾಗತೊಡಗಿದ್ದವು. ಸಭೆಗೆ ಹೊಸ ಜೀವ ತುಂಬಬೇಕೆಂದು ಕಮಿಟಿಯಲ್ಲಿ ಉಜ್ಜೀವನ ಕೂಟದ ಮಾತೆತ್ತಿದೆವು. ಪೆಂಡಾಲು, ಕೀಬೋರ್ಡು, ಪ್ರವಚನಕ್ಕೆ ಹೊರಗಿನ ಪ್ರಸಂಗಿ, ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸು. ಅದಕ್ಕೂ ಮೊದಲು ಸದಸ್ಯರ ಪಟ್ಟಿ ಶುದ್ಧ ಮಾಡೋಣವೆಂದು ನಾನೇ ಹಟ ಹಿಡಿದೆ. ವರ್ಷವಿಡೀ ಬಾರದವರ ಹೆಸರಿನ ಮೇಲೆ ಕೆಂಪು ಗೆರೆ. ಅದರಲ್ಲಿ ಮುನವಳ್ಳಿಯಲ್ಲಿರುವ ನನ್ನ ತಮ್ಮ ಮತ್ತು ಅವನ ಹೆಂಡತಿಯ ಹೆಸರುಗಳೂ ಇದ್ದವು. ತಮ್ಮನಾದರೇನು, ನಿಯಮ ನಿಯಮವೇ ಎಂದು ಎದೆ ಸೆಟೆಸಿ ಹೇಳಿದ್ದೆ.

ಮುಂದಿನ ರವಿವಾರ ಕಾಯಿಲೆಯವರಿಗಾಗಿ ಪ್ರಾರ್ಥಿಸುವ ಹೊತ್ತಿಗೆ ಬಾಯಾರು ಎದ್ದು ನಿಂತು, ನಾನು ಗೆರೆ ಎಳೆದ ಹೆಸರುಗಳನ್ನು ಒಂದೊಂದಾಗಿ ಓದಿದರು. ತಮ್ಮನ ಹೆಸರು ಬಂದಾಗ ಇಡೀ ಸಭೆ ನನ್ನ ಕಡೆ ತಿರುಗಿತು. ಆರಾಧನೆ ಮುಗಿದದ್ದೇ ತಡ, ಅಂಗಳದಲ್ಲಿ ಅವರನ್ನು ತಡೆದು ಹರಿಹಾಯ್ದೆ. ಅದು ಬೇನೆ ಬಿದ್ದವರ ಹೆಸರು ಓದುವ ಹೊತ್ತು ಎಂದೆ.

"ಬ್ಯಾನಿ ಅವರಿಗೆ ಐತಿ ಅಂತ ನಾ ಎಲ್ಲಿ ಅಂದೇನಿ? ನಮಗ ಐತಿ," ಎಂದರು ಬಾಯಾರು. "ಉಜ್ಜೀವನ ಬೇಕಂದ್ರ ಮೊದಲ ಮುನವಳ್ಳಿ ಬಸ್ ಹತ್ತು. ನಾನೂ ಬರತೇನಿ."

ಮೂರು ರವಿವಾರ ಬಿಡದೆ ಓದಿದರು. ನಾಲ್ಕನೆಯ ರವಿವಾರ ಆ ಓದು ನಿಲ್ಲಿಸಲಿಕ್ಕಾದರೂ ಆಗಲಿ ಎಂದು ಅವರೊಡನೆ ಬಸ್ ಹತ್ತಿದೆ. ನನ್ನ ತಮ್ಮ ಚರ್ಚು ಬಿಟ್ಟದ್ದು ಸೊಕ್ಕಿನಿಂದ ಎಂದು ದಾರಿಯುದ್ದಕ್ಕೂ ವಾದಿಸಿದೆ. ಅವನ ಹೆಂಡತಿ ರೈತರ ಮನೆಯ, ಶಿವನನ್ನು ಪೂಜಿಸುವವರ ಮಗಳು. ಮದುವೆಯಾಗಿ ಮೊದಲ ಸಲ ಚರ್ಚಿಗೆ ಬಂದಾಗ ಮೊಣಕೈವರೆಗೆ ಹಸಿರು ಬಳೆ. ಬಳೆ ತೆಗೆದಿಟ್ಟು ಒಳಗೆ ಬಾ ಎಂದು ಬಾಗಿಲಲ್ಲೇ, ಎಲ್ಲರೆದುರು ಹೇಳಿದ್ದೆ. ನಮ್ಮ ಮನೆಯ ಹೆಂಗಸರು, ಒಡವೆ ಬೇಡವೆಂಬ ನಂಬಿಕೆಯಿಂದ, ಅಜ್ಜಿಯ ಕಾಲದಿಂದಲೇ ಬಳೆ ಬಿಟ್ಟವರು. ನನಗದು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ಸಾದಾ ಮಾತಾಗಿತ್ತು.

"ಆಕಿ ತೌರಮನ್ಯಾಗ ಹೆಣ್ಮಗಳಿಗೆ ಬಳಿ ತಗಿ ಅಂತ ಯಾವಾಗ ಅಂತಾರ?" ಎಂದು ಕೇಳಿದರು ಬಾಯಾರು.

ಗಂಡ ಸತ್ತಾಗ ಎಂದು ಬಾಯಿಗೆ ಬಂತು. ನನ್ನ ತಮ್ಮ ಅವತ್ತು ಚರ್ಚಿನ ಬಾಗಿಲಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದ. ಇಷ್ಟು ವರ್ಷ ಈ ನಾಡಿನಲ್ಲೇ ಬದುಕಿ ಇದು ನನ್ನ ತಲೆಗೆ ಹೋಗಿರಲಿಲ್ಲವಲ್ಲ! ಮುನವಳ್ಳಿ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ನನ್ನ ತಮ್ಮ ಬಾಯಾರನ್ನು ಒಳಗೆ ಕರೆದ, ನನ್ನ ಮುಖ ನೋಡಲಿಲ್ಲ. ಅವನ ಹೆಂಡತಿ ನೀರು ತಂದಿಟ್ಟಳು. ನಾನು ಉಜ್ಜೀವನ ಕೂಟದ ಸುದ್ದಿ ಶುರು ಮಾಡಿದೆ. ಮೋಟು ಬೆರಳು ಮೇಲೆದ್ದಿತು.

"ಅವತ್ತು ನಾ ಆಡಬಾರದ್ದು ಆಡಿದೆ," ಎಂದೆ. "ತಪ್ಪಾತವ್ವಾ."

ಅವಳು ನೀರಿನ ಲೋಟ ನನ್ನ ಕಡೆ ಸರಿಸಿದಳು. "ಚರ್ಚಿಗೆ ಬರತೇನ್ರಿ," ಎಂದಳು. "ಆದ್ರ ಬಳಿ ತಗಿಯೂದಿಲ್ಲ."

ತೆಗಿ ಅಂದವರು ಯಾರು, ಸಪ್ಪಳ ಮಾಡಿಕೊಂಡೇ ಬಾ ಎಂದು ಬಾಯಾರು ನಕ್ಕರು. ಅವಳು ಹಾಗೆಯೇ ಬಂದಳು. ಹುಬ್ಬು ಗಂಟಿಕ್ಕಿದ ಹಿರಿಯರಿಗೆ ಕಮಿಟಿಯಲ್ಲಿ ಉತ್ತರ ಕೊಟ್ಟವನು ನಾನೇ. ಪೆಂಡಾಲಿನ ವಿಚಾರ ಕೈಬಿಟ್ಟೆವು. ಶನಿವಾರಕ್ಕೊಮ್ಮೆ ಇಬ್ಬಿಬ್ಬರಾಗಿ ಕೆಂಪು ಗೆರೆ ಬಿದ್ದವರ ಮನೆಗಳಿಗೆ ಹೋಗತೊಡಗಿದೆವು. ಕೆಲವರು ಮರಳಿದರು, ಕೆಲವರು ಚಹ ಕೊಟ್ಟು ಸಾಗಹಾಕಿದರು. ನೇಸರಗಿಯ ಒಂದು ಮನೆಯವರು ಬಾಗಿಲೇ ತೆಗೆಯಲಿಲ್ಲ. ಚರ್ಚು ತುಂಬಿ ತುಳುಕಿತು ಎಂದು ಸುಳ್ಳೇಕೆ ಹೇಳಲಿ. ಆದರೆ ಆರಾಧನೆ ಮುಗಿದ ಮೇಲೂ ಜನ ಮನೆಗೆ ಹೋಗದೆ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರು. ಅಂಥದ್ದನ್ನು ನಾನು ಎಳವೆಯಲ್ಲಿ ನೋಡಿದ್ದೆ, ಮರೆತಿದ್ದೆ.

ಹೋದ ವರ್ಷ ಬಾಯಾರು ಹಾಸಿಗೆ ಹಿಡಿದಾಗ ತಮ್ಮನ ಹೆಂಡತಿಯೇ ಅವರನ್ನು ಮುನವಳ್ಳಿಗೆ ಕರೆದೊಯ್ದು ನೋಡಿಕೊಂಡಳು. ನಾನು ಹೋದಾಗ ಅವರು ಕೇಳಿದ್ದು ಒಂದೇ: "ನೇಸರಗ್ಯಾವರು ಬಾಗಲಾ ತಗದ್ರೇನು?" ಇಲ್ಲ ಎಂದೆ. "ಮತ್ತ ಹೋಗ್ರಿ," ಎಂದರು. ಎರಡು ದಿನಕ್ಕೆ ತೀರಿಕೊಂಡರು.

ಮಣ್ಣು ಕೊಟ್ಟು ಬಂದ ಮೇಲೆ ನಾನು ಮನೆ ಬಿಟ್ಟು ಹೊರಡಲಿಲ್ಲ. ಮುಂದಿನ ಶನಿವಾರ ತಮ್ಮನ ಹೆಂಡತಿ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿ, ಬಂದು ನಿಂತಿದ್ದೇನೆ, ನೀವೆಲ್ಲಿ ಎಂದು ಗದರಿದಳು. ನೇಸರಗಿಯ ಆ ಬಾಗಿಲ ಮುಂದೆ ನಾನು ಹಿಂದೆ ಸರಿದು ಅವಳ ಮುಖ ನೋಡಿದೆ.

"ಹೆಸರು ತಗದಾವರು ನೀವ, ಭಾವಾರ," ಎಂದಳು. "ನೀವ ಬಡೀರಿ."

ಬಡಿದೆ. ಯಾರೆಂದು ಒಳಗಿನಿಂದ ಕೇಳಿದರು. ನನ್ನ ಹೆಸರು ಹೇಳಿ, ತಪ್ಪೊಪ್ಪಿಕೊಳ್ಳಲು ಬಂದಿದ್ದೇನೆ ಎಂದೆ. ಸ್ವಲ್ಪ ಹೊತ್ತಿಗೆ ಚಿಲಕ ಸರಿದ ಸಪ್ಪಳವಾಯಿತು.