ಅಂಚಿನವರೆಗೆ ತುಂಬಿದ ರೀಲು

ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ರೀಲುಗಳಿದ್ದವು. ಬರೆದ ಕೂಡಲೇ ಇದು ಸುಳ್ಳು ಅನಿಸುತ್ತದೆ. ಮದ್ರಾಸಿನ ಪ್ಯಾರಿಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿದ್ದ ಆ ಅಂಗಡಿ ಗಾಳದ ಸಾಮಾನಿಗೇ ಮೀಸಲಾದದ್ದು. ಮೂವತ್ತು ರೀಲುಗಳಾದರೂ ಇದ್ದಿರಬೇಕು. ನನ್ನ ತಲೆ ಉಳಿದವನ್ನೆಲ್ಲ ತೆಗೆದುಹಾಕಿ ಒಂದು ಚಿಕ್ಕದು, ಒಂದು ದೊಡ್ಡದು ಇಟ್ಟುಕೊಂಡಿದೆ. ಆರಿಸಬೇಕಾಗಿದ್ದವರು ನನ್ನ ಚಿಕ್ಕಪ್ಪ. ಯಾವ ವರ್ಷವೆಂದು ಕೇಳಿದರೆ ಸುನಾಮಿಗಿಂತ ಮೊದಲು ಎಂದಷ್ಟೇ ಹೇಳಬಲ್ಲೆ.

ಚಿಕ್ಕಪ್ಪ ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕಾಫಿ ಮಾಸ್ಟರ್ ಆಗಿದ್ದರು. ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ಮದ್ರಾಸಿಗೆ ಬಂದವರು. ಮೀನು ತಿನ್ನುವ ಮಾತಿರಲಿ, ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟಿದವರಲ್ಲ. ಆದರೆ ಗಾಳದ ಹುಚ್ಚು. ಹತ್ತಿರದ ಸ್ಟುಡಿಯೋದ ಲೈಟ್‌ಮನ್ ಒಬ್ಬ ಬೆಳಗಿನ ಮೊದಲ ಕಾಫಿಗೆ ಬರುತ್ತಿದ್ದ, ಅವನು ಹತ್ತಿಸಿದ್ದು. ವಾರದ ರಜೆಯಲ್ಲಿ ಇಬ್ಬರೂ ಬಸ್ಸು ಹತ್ತಿ ಮುಟ್ಟುಕಾಡಿನ ಹಿನ್ನೀರಿಗೆ ಹೋಗುತ್ತಿದ್ದರು. ಚಿಕ್ಕಪ್ಪ ಸಿಗಡಿ, ಹುಳ ಯಾವುದನ್ನೂ ಕೊಕ್ಕೆಗೆ ಸಿಕ್ಕಿಸುವವರಲ್ಲ. ಪ್ಲಾಸ್ಟಿಕ್ಕಿನ ಮೀನೊಂದನ್ನು ಕಟ್ಟಿ ದೂರಕ್ಕೆ ಎಸೆಯುವುದು, ರೀಲು ತಿರುಗಿಸಿ ಎಳೆಯುವುದು, ಮತ್ತೆ ಎಸೆಯುವುದು. ಸಿಕ್ಕಿದ ಮೀನನ್ನು ಬಿಡಿಸಿ ನೀರಿಗೇ ಬಿಡುವುದು. ಮನೆಗೆ ಬಂದರೆ ಯಾರೊಂದಿಗೂ ಮಾತಿಲ್ಲದೆ ನೇರ ಬಚ್ಚಲಿಗೆ.

"ತಿನ್ನುವವರು ಹಿಡಿದರೆ ಅದಕ್ಕೊಂದು ಅರ್ಥ ಉಂಟು. ಇವರು ಪಾಪದ್ದರ ಬಾಯಿ ಹರಿದು, ಹೋಗಿ ಬಾ ಅಂತ ಕಳಿಸಿ ಬರುವುದು," ಎನ್ನುತ್ತಿದ್ದರು ಚಿಕ್ಕಮ್ಮ.

ಆಮೇಲೆ ಪಾರ್ಶ್ವವಾಯು ಬಡಿಯಿತು. ಕಾಲು, ಮಾತು ಮರಳಿದವು. ಬಲಗೈ ಅರ್ಧ ಮರಳಿತು. ಬೆರಳು ಮುಚ್ಚುತ್ತಿತ್ತು, ಮುಚ್ಚಿದ್ದನ್ನು ಬಿಗಿಹಿಡಿಯಲು ಆಗುತ್ತಿರಲಿಲ್ಲ. ಹೋಟೆಲಿನವರು ಒಳ್ಳೆಯವರು, ಕೈಬಿಡಲಿಲ್ಲ. ಟೋಕನ್ ಹರಿದುಕೊಡುವ ಕುರ್ಚಿಯಲ್ಲಿ ಕೂರಿಸಿದರು. ಮನೆಯಲ್ಲಿ ಅಂಗಿಯ ಗುಂಡಿ ಚಿಕ್ಕಮ್ಮ ಹಾಕುತ್ತಿದ್ದರು, ಅನ್ನವನ್ನೂ ಅವರೇ ಕಲಸಿಕೊಡುತ್ತಿದ್ದರು. ರಸ್ತೆ ದಾಟುವಾಗ ಗುರುತಿಲ್ಲದವರೂ ಬಂದು ತೋಳು ಹಿಡಿಯುತ್ತಿದ್ದರು. ಒಂದು ಸಂಜೆ ನಾನು ಮೈಲಾಪೂರಿನಿಂದ ನೋಡಲು ಹೋದಾಗ ಚಿಕ್ಕಪ್ಪ ಹೇಳಿದರು: "ಒಂದು ಸಲ ನಾನೇ ಎಸೆಯಬೇಕು ಮಾರಾಯ. ಯಾರೂ ಹಿಡಿಯದೆ. ಅದು ಆಗುವುದಿಲ್ಲ ಅಂತ ಗೊತ್ತಾದರೆ ಮತ್ತೆ ಗಾಳದ ಕೋಲನ್ನು ಯಾರಿಗಾದರೂ ಕೊಟ್ಟುಬಿಡುವ."

ದಾರ ಆಗಲೇ ಸಿದ್ಧವಿತ್ತು. ಲೈಟ್‌ಮನ್ ಹೊರದೇಶದಲ್ಲಿ ಶೂಟಿಂಗ್ ಮುಗಿಸಿ ಬಂದವನು ಆಸ್ಪತ್ರೆಗೆ ಹಣ್ಣಿನ ಬದಲು ಒಂದು ಫ್ಲೋರೋಕಾರ್ಬನ್ ದಾರದ ಡಬ್ಬಿ ತಂದಿದ್ದ. ನೀರೊಳಗೆ ಕಣ್ಣಿಗೆ ಬೀಳದ ದಾರ, ಕಲ್ಲಿಗೆ ಉಜ್ಜಿದರೂ ಬೇಗ ಹರಿಯದ್ದು, ನೈಲಾನಿಗಿಂತ ಭಾರವಾದ್ದರಿಂದ ಮುಳುಗುವಂಥದ್ದು. ಎಲ್ಲರೂ ಬೇಗ ಗುಣವಾಗಲಿ ಎನ್ನುತ್ತಿದ್ದಾಗ, ಗುಣವಾದ ಮೇಲೆ ಮಾಡುವ ಕೆಲಸಕ್ಕೆ ಬೇಕಾದ್ದನ್ನು ಅವನೊಬ್ಬ ತಂದುಕೊಟ್ಟಿದ್ದ. ಚಿಕ್ಕಪ್ಪ ಆ ಡಬ್ಬಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರಂತೆ. ಬೇರೆ ದಾರದ ಮಾತೇ ಇರಲಿಲ್ಲ. ಹಳೆಯ ರೀಲಿನ ಹಿಡಿ ಎಡಗಡೆಗೆ ಮಾತ್ರ ಕೂರುವಂಥದ್ದು. ಈಗ ಕೋಲು ಹಿಡಿಯಬೇಕಾದ್ದೇ ಎಡಗೈ. ಹಿಡಿ ತಿರುಗಿಸುವುದಷ್ಟೇ ಬಲಗೈಗೆ ಸಾಧ್ಯ. ಹಾಗಾಗಿ ಹೊಸ ರೀಲು ಬೇಕಾಯಿತು.

ಅಂಗಡಿಗೆ ಹೋದದ್ದು ಶನಿವಾರ, ಪೆರುಂಗುಡಿಯ ನನ್ನ ಆಫೀಸಿಗೆ ರಜೆ. ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದವರು. ಮಾತಾಡಿದ್ದು ತಮಿಳು, ನನ್ನಲ್ಲಿ ಉಳಿದಿರುವುದು ಕನ್ನಡ, ಹಿರಿಯರನ್ನು ಕರೆಯುವ 'ಪೆರಿಯವರೇ' ಒಂದನ್ನು ಬಿಟ್ಟು. ಯಾವಾಗ, ಎಲ್ಲಿ ಬದಲಾಯಿತೋ ತಿಳಿಯದು.

ಚಿಕ್ಕಪ್ಪ ಚಿಕ್ಕದನ್ನು ಎತ್ತಿಕೊಂಡರು. "ಇದು ಸಾಕು. ಭಾರವೇ ಇಲ್ಲ."

ಅಂಗಡಿಯವರು ಡಬ್ಬಿ ನೋಡಿದರು. "ಈ ದಾರಕ್ಕಾ ಪೆರಿಯವರೇ? ಹಾಗಾದರೆ ಅದನ್ನು ಕೆಳಗಿಡಿ. ಇದು ಬಗ್ಗದ ಜಾತಿ." ಚಿಕ್ಕ ಉರುಳೆಗೆ ಸುತ್ತಿಟ್ಟಿದ್ದ ಅಂಥದೇ ದಾರವನ್ನು ಒಂದು ಮೊಳ ಎಳೆದು ಬಿಟ್ಟರು. ಅದು ಗಾಳಿಯಲ್ಲಿ ಸ್ಪ್ರಿಂಗಿನಂತೆ ಸುರುಳಿಯಾಗಿ ನಿಂತಿತು. "ನೋಡಿದಿರಾ? ಎಸೆದಾಗ ಹೀಗೇ ಹಾರಿ ಬೀಳುತ್ತದೆ. ಉರುಳೆ ಅಗಲವಾದಷ್ಟೂ ಸುರುಳಿ ಕಡಿಮೆ."

"ಅಗಲದ್ದು ಭಾರ ಉಂಟಲ್ಲ."

"ಎತ್ತಿ ನೋಡಿ."

ದೊಡ್ಡ ರೀಲನ್ನು ಕೋಲಿಗೆ ಸಿಕ್ಕಿಸಿ ಎಡಗೈಗೆ ಕೊಟ್ಟರು. ಚಿಕ್ಕಪ್ಪ ಎತ್ತಿ ಹಿಡಿದು ನಿಂತರು. ಕೋಲಿನ ತುದಿ ಮೊದಲು ಸ್ವಲ್ಪ, ಆಮೇಲೆ ಚೆನ್ನಾಗಿಯೇ ನಡುಗಿತು. ನಾನು ತಲೆಯ ಮೇಲಿನ ಫ್ಯಾನು ನೋಡತೊಡಗಿದೆ. ಅವರು ಕೆಳಗಿಟ್ಟರು.

ಇಲ್ಲಿ ಮೂರನೆಯ ರೀಲೊಂದು ಬರುತ್ತದೆ. ಎರಡೇ ಎಂದು ಶುರು ಮಾಡಿದ್ದೆ. ಕೊಂಡದ್ದು ಮೂರನೆಯದನ್ನು ಎಂಬುದು ಬರೆಯುತ್ತ ಬಂದಾಗಲೇ ಹೊಳೆದದ್ದು. ಅಂಗಡಿಯವರು ಏಣಿ ಹತ್ತಿ ತೆಗೆದ ಪೆಟ್ಟಿಗೆ. ಉರುಳೆ ಅಗಲ, ಆಳ ಕಡಿಮೆ, ಮೈ ಹಗುರ. ಹಿಡಿಯನ್ನು ಬಲಕ್ಕೂ ಸಿಕ್ಕಿಸಬಹುದು. ಅದರ ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗುಂಡು, ಬಿಗಿಹಿಡಿಯದೆ ಅಂಗೈ ಒತ್ತಿಯೇ ತಿರುಗಿಸಬಹುದಾದ್ದು. ಉರುಳೆಯ ಮುಂದಿನ ತಿರುಪನ್ನು ತುಸು ಬಿಗಿಮಾಡಿ ಅಂಗಡಿಯವರು ತುಂಡು ದಾರವೊಂದನ್ನು ಸುತ್ತಿ ಜಗ್ಗಿ ತೋರಿಸಿದರು. "ಈ ದಾರ ನೈಲಾನಿನಷ್ಟು ಹಿಗ್ಗುವುದಿಲ್ಲ. ಮೀನು ಜಗ್ಗಿದರೆ ರೀಲು ತಡೆಯದೆ ಬಿಟ್ಟುಕೊಡಬೇಕು. ತಡೆತಡೆದು ಕೊಟ್ಟರೆ ಟಪ್ ಅಂತ ಹೋಗುತ್ತದೆ. ಇದು ಬೆಣ್ಣೆ ಹಾಗೆ ಬಿಡುತ್ತದೆ."

ಚಿಕ್ಕಪ್ಪ ಎತ್ತಿ ಹಿಡಿದರು. ಈ ಸಲ ತುದಿ ನಡುಗಲಿಲ್ಲ. ಅಥವಾ ನಾನು ಈ ಸಲವೂ ಫ್ಯಾನು ನೋಡುತ್ತಿದ್ದೆ.

ಅಂಗಡಿಯವರು ದಾರ ಸುತ್ತತೊಡಗಿದರು. ಒದ್ದೆ ಬಟ್ಟೆಯಲ್ಲಿ ಹಿಡಿದು, ಬಿಗಿಯಾಗಿ, ಒಂದೇ ಸಮನೆ. ಉರುಳೆಯ ಅಂಚಿಗೆ ಎರಡು ಬೆಂಕಿಕಡ್ಡಿ ದಪ್ಪದಷ್ಟು ಜಾಗ ಇರುವಾಗ ನಿಲ್ಲಿಸಿದರು.

"ಯಾಕೆ ನಿಂತದ್ದು?" ಎಂದರು ಚಿಕ್ಕಪ್ಪ.

"ಇಷ್ಟೇ ಪೆರಿಯವರೇ. ಇದಕ್ಕೆ ಜಾಗ ಬಿಡಬೇಕು."

"ತುಂಬಿಸಿ."

"ನೈಲಾನ್ ಆದರೆ ತುಂಬಿಸಬಹುದು. ಇದು..."

"ತುಂಬಿಸಿ ಅಂದೆನಲ್ಲ. ನನ್ನ ಕೈಯಲ್ಲಿ ಕಡಿಮೆ ಹೋಗಬಾರದು."

ಮೂವತ್ತು ವರ್ಷ ಟಂಬ್ಲರಿನ ಅಂಚು ಮೀರಿ ನೊರೆ ನಿಲ್ಲಿಸಿ ಕಾಫಿ ಕೊಟ್ಟ ಮನುಷ್ಯ. ಅವರ ಕೌಂಟರಿನಿಂದ ಒಂದು ಬೆರಳು ಕಡಿಮೆಯ ಕಾಫಿ ಹೋದರೆ ಅದು ಗಿರಾಕಿಗೆ ಮಾಡಿದ ಅವಮಾನ. ಹೊಸ ಸಪ್ಲೈಯರುಗಳು ಚೆಲ್ಲುತ್ತದೆಂದು ಗೊಣಗಿದರೆ, "ಚೆಲ್ಲದ ಹಾಗೆ ನಡೆಯಲಿಕ್ಕೆ ಕಲಿ, ಕಡಿಮೆ ಕೊಡಲಿಕ್ಕೆ ಅಲ್ಲ," ಎನ್ನುತ್ತಿದ್ದರು. ಹಳೆಯ ರೀಲಿಗೂ ನೈಲಾನನ್ನು ಹಾಗೆಯೇ ತುಂಬುತ್ತಿದ್ದರು; ಮೆತ್ತನೆಯ ನೈಲಾನ್ ಸಹಿಸಿಕೊಂಡಿತ್ತು.

ಅಂಗಡಿಯವರು ನನ್ನ ಮುಖ ನೋಡಿದರು. ಅವರು ಹೇಳಿದ್ದು ನನಗೆ ಅರ್ಥವಾಗಿತ್ತು. ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಚಿಕ್ಕಪ್ಪ ಕೌಂಟರಿನ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅದನ್ನು ನಿಲ್ಲಿಸುವ ಮನಸ್ಸಾಗಲಿಲ್ಲ. ಅಂಗಡಿಯವರೂ ನಿಟ್ಟುಸಿರು ಬಿಟ್ಟು ತುಂಬಿಸಿದರು.

ಮರುದಿನ ಬೆಳಿಗ್ಗೆ ಮುಟ್ಟುಕಾಡು. ಸೇತುವೆಯಿಂದ ಸ್ವಲ್ಪ ದೂರ, ಕಲ್ಲು ಕಟ್ಟಿದ ದಂಡೆ. ಪ್ಲಾಸ್ಟಿಕ್ ಮೀನನ್ನು ದಾರಕ್ಕೆ ಕಟ್ಟುವ ಕೆಲಸ ನನ್ನದಾಯಿತು. ಗಂಟು ಹಾಕಲು ಒಂದು ಕೈ ಸಾಲದು, ಅದಕ್ಕೆ ಅವರೂ ಒಪ್ಪಿದ್ದರು. ಈ ದಾರದ ಗಂಟನ್ನು ಒಣದಾಗಿ ಬಿಗಿದರೆ ಬಿಸಿಯಾಗಿ ಸೋಲುತ್ತದೆ, ಬಾಯಲ್ಲಿಟ್ಟು ಒದ್ದೆ ಮಾಡಿ ಎಂದಿದ್ದರು ಅಂಗಡಿಯವರು. ನಾನು ಬಾಯಿಗಿಡಲು ಹೋದೆ.

"ಥೂ, ಎಂಜಲು ಮಾಡಬೇಡ! ಬಾಟ್ಲಿ ನೀರು ಉಂಟಲ್ಲ."

ಬಾಟಲಿ ನೀರು ಚಿಮುಕಿಸಿ ಬಿಗಿದೆ.

ಚಿಕ್ಕಪ್ಪ ಎಡಗೈಯಲ್ಲಿ ಕೋಲು ಹಿಡಿದರು, ತೋರುಬೆರಳಿಗೆ ದಾರ ಸಿಕ್ಕಿಸಿಕೊಂಡರು, ಬಲಗೈಯ ಮಣಿಕಟ್ಟಿನಿಂದ ರೀಲಿನಲ್ಲಿ ದಾರ ತಡೆದಿಡುವ ತಂತಿಯ ಕಮಾನನ್ನು ತಳ್ಳಿ ತೆರೆದರು. ಹಿಂದಕ್ಕೆ ತಂದು ಬೀಸಿದರು. ಪ್ಲಾಸ್ಟಿಕ್ ಮೀನು ಹತ್ತು ಹೆಜ್ಜೆ ಹೋಗಿ, ಯಾರೋ ಹಿಂದಿನಿಂದ ಎಳೆದಂತೆ ನಿಂತು, ಹಿಂದಕ್ಕೆ ಪುಟಿದು ಕಾಲಬುಡದ ನೀರಿಗೆ ಬಿತ್ತು. ರೀಲಿನ ಮೇಲೆ ದಾರವೆಲ್ಲ ಸುರುಳಿ ಸುರುಳಿಯಾಗಿ ಎದ್ದು, ಗುಬ್ಬಿ ಗೂಡಿನಂಥ ಮುದ್ದೆಯಾಗಿತ್ತು.

ಚಿಕ್ಕಪ್ಪ ಅದನ್ನು ನೋಡಿದರು. ಕೋಲನ್ನು ನನ್ನ ಕಡೆಗೆ ಚಾಚಿದರು.

"ಆಯ್ತು. ಗೊತ್ತಾಯ್ತಲ್ಲ. ಹೋಗುವ."

"ಇದು ಕೈಯಿಂದ ಆದದ್ದಲ್ಲ ಚಿಕ್ಕಪ್ಪ. ದಾರ ಹೆಚ್ಚು ತುಂಬಿದೆ, ಅದಕ್ಕೇ ಒಟ್ಟಿಗೇ ಎದ್ದುಬಂತು."

"ನನ್ನ ಸಮಾಧಾನಕ್ಕೆ ಹೇಳುವುದು ಬೇಡ. ಡಾಕ್ಟರೂ ಹಾಗೇ ಮಾತಾಡುವುದು."

ಅವರು ದಂಡೆಯ ಮೇಲೆ ಕೂತರು. ನಾನು ಸುರುಳಿಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಸಿಲು ಬೆನ್ನಿಗೆ ಬರುವಷ್ಟು ಹೊತ್ತು ಹಿಡಿಯಿತು. ದಾರ ಪೂರ್ತಿ ಮರಳಿ ಸುತ್ತಿದೆ, ಅಂಚಿನವರೆಗೂ. ಆಮೇಲೆ ಎದ್ದು ನಾನೇ ಎಸೆದೆ.

ಈ ಭಾಗವನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನಾನು ಜಾಣ: ಕೈಯ ತಪ್ಪಲ್ಲವೆಂದು ತೋರಿಸಲು ಬೇಕೆಂದೇ ತುಂಬಿದ ರೀಲಿನಿಂದ ಎಸೆದು ಸಿಕ್ಕು ಮಾಡಿದವನು. ನಿಜ ಅಷ್ಟು ಚೆನ್ನಾಗಿಲ್ಲ. ನಾನು ಎಸೆದದ್ದು ನನಗಾದರೂ ಆಗುತ್ತದೋ ನೋಡೋಣ ಎಂದು. ಬಿಡಿಸಿ ಬಿಡಿಸಿ ಬೇಸತ್ತಿದ್ದೆ. ಅವರೆದುರು ದೂರಕ್ಕೆ ಎಸೆದು ತೋರಿಸುವ ಸಣ್ಣ ಆಸೆಯೂ ಇತ್ತು. ಅದು ಅವರಿಗೆ ಎಷ್ಟು ನೋವಾಗುವ ಕೆಲಸವೆಂದು ಯೋಚಿಸಲೇ ಇಲ್ಲ.

ನನ್ನ ಗಾಳ ಎಂಟು ಹೆಜ್ಜೆ ಹೋಯಿತು. ಮುದ್ದೆ ಅವರದ್ದಕ್ಕಿಂತ ದೊಡ್ಡದಾಯಿತು.

ಹಿಂದಿನಿಂದ ವಿಚಿತ್ರ ಸದ್ದು. ತಿರುಗಿದರೆ ಚಿಕ್ಕಪ್ಪ ನಗುತ್ತಿದ್ದಾರೆ. ಪಾರ್ಶ್ವವಾಯುವಿನ ನಂತರ ಅವರ ನಗು ಒಂದೇ ಪಕ್ಕಕ್ಕೆ ಬರುತ್ತಿತ್ತು.

"ನಿನಗೆ ಎರಡೂ ಕೈ ಸರಿ ಉಂಟಲ್ಲವಾ?"

"ಉಂಟು ಚಿಕ್ಕಪ್ಪ."

"ಡಾಕ್ಟರಿಗೆ ತೋರಿಸು ಒಮ್ಮೆ." ಆಮೇಲೆ ನಗು ನಿಲ್ಲಿಸಿ ರೀಲನ್ನೇ ನೋಡುತ್ತ ಕೇಳಿದರು: "ಹಾಗಾದ್ರೆ ಅವ ಹೇಳಿದ್ದು ಸರಿಯಾ? ಅಂಗಡಿಯವ?"

"ಸರಿ."

"ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬಾಯಲ್ಲಿ ಎಂತ ಇಟ್ಟುಕೊಂಡಿದ್ದೆ?"

ಈಗ ಬರೆದಿದ್ದೇನಲ್ಲ, ಆ ದನಿಯ ಕಾರಣ, ಅದನ್ನು ಎದುರಿಗೆ ಹೇಳಲು ಬರುವುದಿಲ್ಲ.

"ಕತ್ತರಿಸು," ಎಂದರು. ಮುದ್ದೆಯನ್ನು ಕತ್ತರಿಸಿ ತೆಗೆದೆ. ಲೈಟ್‌ಮನ್ನಿನ ದಾರ ಹಲವು ಮಾರು ಹೋಯಿತು. ಉಳಿದದ್ದು ಅಂಚಿಗಿಂತ ಕೆಳಗೆ ಕೂತಿತು. ಅವರು ಬೆರಳಿಟ್ಟು ಆ ಖಾಲಿ ಜಾಗವನ್ನು ಮುಟ್ಟಿ ನೋಡಿದರು, ಮುಖ ಕಿವುಚಿದರು. ಮತ್ತೆ ನೀರು ಚಿಮುಕಿಸಿ ಗಂಟು ಹಾಕಿಕೊಟ್ಟೆ.

ಅವರು ಎದ್ದು ನಿಂತರು. ಕೋಲು ಎತ್ತಿದರು, ಇಳಿಸಿದರು. ಕಲ್ಲುಗಳು ಪಾಚಿಗಟ್ಟಿದ್ದವು, ನಾನು ಅವರ ಬೆನ್ನಿಗೆ ಒಂದು ಹೆಜ್ಜೆ ಹತ್ತಿರ ಹೋದೆ.

"ನೀನು ರಸ್ತೆಗೆ ಹೋಗಿ ಟೀ ಕುಡಿದು ಬಾ."

"ನನಗೆ ಬೇಡ ಚಿಕ್ಕಪ್ಪ."

"ನಿನಗೆ ಬೇಕಾ ಅಂತ ಕೇಳಿದ್ದಲ್ಲ. ಹೋಗು."

ಹೋದೆ. ಕಲ್ಲು ಹತ್ತುವಾಗ ಎರಡು ಸಲ ತಿರುಗಿದೆ. ಎರಡು ಸಲವೂ ಅವರು ಹಾಗೆಯೇ ನಿಂತು ನಾನು ಮರೆಯಾಗುವುದನ್ನು ಕಾಯುತ್ತಿದ್ದರು. ಹಾಗಾಗಿ ಆ ಎಸೆತವನ್ನು ನಾನು ನೋಡಿಲ್ಲ. ಆದರೂ ಕಣ್ಣು ಮುಚ್ಚಿದರೆ ಕಾಣುತ್ತದೆ: ಎಡಗೈ ಬೀಸು, ಬೆಳಕಿನಲ್ಲಿ ಹೊಳೆದು ನೀಳವಾಗಿ ಹೋದ ದಾರ, ದೂರದಲ್ಲಿ ಒಂದು ಪುಟ್ಟ ಸದ್ದು. ಎಲ್ಲ ನಾನೇ ಕಟ್ಟಿಕೊಂಡದ್ದು. ನಿಜದಲ್ಲಿ ಎಷ್ಟು ಸಲ ಸಿಕ್ಕಾಯಿತೋ, ಎಷ್ಟು ಸಲ ಕಾಲಬುಡಕ್ಕೆ ಬಿತ್ತೋ, ಬೈದುಕೊಂಡರೋ, ಅತ್ತರೋ. ನನ್ನ ಪಾಲಿಗಿರುವುದು ರಸ್ತೆಬದಿಯ ಗಾಜಿನ ಲೋಟ ಮತ್ತು ಬಸ್ಸುಗಳ ಧೂಳು.

ಮರಳಿ ಬಂದಾಗ ಗಾಳ ನೀರಿನಲ್ಲಿತ್ತು. ಎಷ್ಟು ದೂರವೆಂದು ಹೇಳುವಂತಿಲ್ಲ, ಆ ದಾರ ನೀರಿನ ಮೇಲೆ ಕಾಣುವಂಥದ್ದಲ್ಲ. ಕೋಲಿನ ತುದಿ ಹಿನ್ನೀರಿನ ನಡುವಿಗೆ ಮುಖ ಮಾಡಿತ್ತು. ಚಿಕ್ಕಪ್ಪ ಬಲ ಅಂಗೈಯನ್ನು ಹಿಡಿಯ ಗುಂಡಿಗೆ ಒತ್ತಿ, ನಿಧಾನವಾಗಿ ತಿರುಗಿಸುತ್ತಿದ್ದರು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಹೆಜ್ಜೆಯ ಸದ್ದು ಕೇಳಿರಬೇಕು, ತಿರುಗಲಿಲ್ಲ.

"ಇಷ್ಟು ಬೇಗ ಯಾಕೆ ಬಂದದ್ದು?"

ನಾನು ಇನ್ನೊಂದು ಟೀ ಕುಡಿಯಲು ಹೋದೆ.